ಮು. ಅಂದರೆ

“ಬಿಡುಗಡೆನಾ? ಯಾರಿಗಮ್ಮ ಬಿಡುಗಡೆ?” ಫೋನಿನ ಆ ತುದಿಯ ಹೆಂಗಸು ಕೇಳಿದಳು.

ಸಂಶೋಧಕಿ ಮುಂದಿದ್ದ ಪ್ರಶ್ನಾವಳಿಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿಕೊಂಡಳು. ಕ್ರಮಸಂಖ್ಯೆ 188. ವಯಸ್ಸು ಐವತ್ತೆಂಟು. ಬಸ್ ಚಾಲಕ. ನದಿಯಾಚೆಯ ಜೈಲು. ಅವಧಿಗೆ ಮುಂಚಿನ ಬಿಡುಗಡೆ ಯೋಜನೆ, ಮೊದಲ ತಂಡ. ಹೊರಬಂದ ರೀತಿ: 2.

“ನಿಮ್ಮ ಯಜಮಾನರಿಗೆ ಅಮ್ಮ. ಮೂರೂಮುಕ್ಕಾಲು ವರ್ಷದ ಹಿಂದೆ ಬಿಡುಗಡೆ ಆಯ್ತಲ್ಲ, ಆಮೇಲೆ ಹೇಗಿದಾರೆ ಅಂತ ಕೇಳೋಕೆ ಮಾಡಿದ್ದು. ಹತ್ತೇ ನಿಮಿಷ. ಅವರ ಕೈಗೇ ಕೊಟ್ರೂ ಆಯ್ತು.”

ಆ ಕಡೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

“ಯಾವ ಆಫೀಸು ಅಂದ್ರಿ?”

“ಅಪರಾಧ ನ್ಯಾಯ ಸಂಶೋಧನಾ ಕಚೇರಿ. ಸರ್ಕಾರದ್ದೇ.”

“ಪೊಲೀಸಾ?”

“ಅಲ್ಲಮ್ಮ. ನಾವು ಯಾರನ್ನೂ ಹಿಡಿಯಲ್ಲ. ಬರೀ ಲೆಕ್ಕ ಇಡ್ತೀವಿ.”

“ಲೆಕ್ಕ ಇಡ್ತೀರಾ.” ಆ ಹೆಂಗಸು ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. “ಹಂಗಾದ್ರೆ ನಿಮ್ಮ ಲೆಕ್ಕದಲ್ಲಿ ಅವರು ಮನೆಗೆ ಬಂದಿದಾರೆ. ಎಷ್ಟು ಗಂಟೆಗೆ ಬಂದ್ರು ಅಂತ ಬರ್ದಿದೀರಾ ನೋಡಿ. ಬಾಗಿಲು ತೆಗೆದದ್ದು ನನಗಂತೂ ನೆನಪಿಲ್ಲ.”

“ಅಮ್ಮ, ಅಂದ್ರೆ...”

“ಅಲ್ಲೇ ಹೋದ್ರು ಕಣಮ್ಮ, ಜೈಲಲ್ಲೇ. ಹೊರಡೋರ ಬ್ಯಾರಕ್ಕಿಗೆ ಹಾಕಿದಾರೆ, ಇನ್ನೇನು ಒಂದು ವಾರ ಅಂತ ಕಾಗದ ಬರೆದಿದ್ರು. ಎಂಬತ್ತು ದಿನ ಆಯ್ತು ಆ ಒಂದು ವಾರ. ಆಮೇಲೆ ವಾಂತಿಭೇದಿ ಅಂದ್ರು. ಹೆಣ ತರೋಕೆ ನಾನೂ ನನ್ನ ಮೈದುನನೂ ಹೋಗಿದ್ವಿ.”

ಸಂಶೋಧಕಿಯ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು.

“ಕೇಳಿ, ಇನ್ನೇನು ಕೇಳ್ಬೇಕೋ. ಹತ್ತು ನಿಮಿಷ ಅಂದ್ರಲ್ಲ. ಇನ್ನೂ ಎಂಟಿದೆ.”

ಹಾಳೆಯಲ್ಲಿದ್ದ ಮುಂದಿನ ಪ್ರಶ್ನೆ: ಹೊರಬಂದ ಮೇಲೆ ಖಾಯಂ ಕೆಲಸ ಸಿಕ್ಕಿದೆಯೇ?

ಅವಳು ಕ್ಷಮೆ ಕೇಳಿ ಫೋನ್ ಇಟ್ಟಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾಗಿತ್ತು. ವರದಿ ಸಂಜೆ ನಾಲ್ಕಕ್ಕೆ ಸದನ ಸಮಿತಿಯ ಕಾರ್ಯದರ್ಶಿಯ ಕೈ ಸೇರಬೇಕಿತ್ತು.

ಆ ಕಚೇರಿಯಲ್ಲಿದ್ದದ್ದು ಒಂಬತ್ತು ಜನ. ಹಳೆಯ ನ್ಯಾಯಾಲಯದ ಕಟ್ಟಡದ ಮೂರನೇ ಮಹಡಿಯಲ್ಲಿ, ಹಿಂದೆ ಸಾಕ್ಷಿಗಳು ಕಾದು ಕೂರುತ್ತಿದ್ದ ಎರಡು ಉದ್ದನೆಯ ಕೋಣೆಗಳು. ಠಾಣೆಗಳಿಂದ, ನ್ಯಾಯಾಲಯಗಳಿಂದ, ಜೈಲುಗಳಿಂದ ದಾಖಲೆಗಳ ಪ್ರತಿಗಳು ಅಲ್ಲಿಗೆ ಬರುತ್ತಿದ್ದವು. ಬರಹವನ್ನು ಅಂಕಿ ಮಾಡುವುದು, ಅಂಕಿಯನ್ನು ಕೋಷ್ಟಕ ಮಾಡುವುದು, ಕೋಷ್ಟಕವನ್ನು ಸರ್ಕಾರಕ್ಕೆ ಕಳಿಸುವುದು ಅವರ ಕೆಲಸ. ಹೆಚ್ಚಿನ ವರದಿಗಳನ್ನು ಯಾರೂ ಓದುತ್ತಿರಲಿಲ್ಲ. ಇದೊಂದನ್ನು ಓದುವವರಿದ್ದರು. ಬಿಡುಗಡೆ ಯೋಜನೆಯ ಕಾಯ್ದೆಯಲ್ಲೇ ಷರತ್ತಿತ್ತು: ಮೊದಲ ತಂಡದಲ್ಲಿ ಹೊರಬಂದವರ ಪೈಕಿ ಮೂರು ವರ್ಷದೊಳಗೆ ಮತ್ತೆ ಜೈಲು ಸೇರಿದವರು ಐದರಲ್ಲೊಬ್ಬರಿಗಿಂತ ಕಡಿಮೆಯಿದ್ದರೆ ಎರಡನೇ ತಂಡವನ್ನು ಬಿಡಬೇಕು. ಹೆಚ್ಚಿದ್ದರೆ ಯೋಜನೆ ನಿಲ್ಲಬೇಕು.

ಹೊರಬಂದವರು ಮುನ್ನೂರ ಹನ್ನೆರಡು. ಮತ್ತೆ ಒಳಹೋದವರು ಅರವತ್ತೊಂದು. ನೂರಕ್ಕೆ ಹತ್ತೊಂಬತ್ತು ಪಾಯಿಂಟ್ ಐದು ಐದು. ಎರಡನೇ ತಂಡ ಹೊರಬರುತ್ತಿತ್ತು.

ಎರಡನೇ ತಂಡದಲ್ಲಿ ಅವಳ ತಮ್ಮನಿದ್ದ.

ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಜಗಳವಾಗಿ, ಅವನು ಬೀಸಿದ, ನಟ್ಟು ಬಿಚ್ಚುವ ಪಾನಾ ತಗುಲಿ ಇನ್ನೊಬ್ಬನ ಕಣ್ಣು ಹೋಗಿತ್ತು. ಏಳು ವರ್ಷ. ನಾಲ್ಕು ಕಳೆದಿದ್ದವು. ಮೂರು ವಾರದ ಹಿಂದೆ ಅವನನ್ನು ನದಿಯಾಚೆಯ ಜೈಲಿನಲ್ಲೇ ಹೊರಡುವವರ ಬ್ಯಾರಕ್ಕಿಗೆ ಹಾಕಿದ್ದರು.

ಅವಳು ಎದ್ದು ದಾಖಲೆ ಕೋಣೆಗೆ ಹೋದಳು. ನದಿಯಾಚೆಯ ಜೈಲಿನ ಪುಸ್ತಕದ ನೆರಳಚ್ಚು ಪ್ರತಿಗಳು ಕೆಳಗಿನ ಅರೆಯಲ್ಲಿ ದಾರ ಕಟ್ಟಿಕೊಂಡು ಕುಳಿತಿದ್ದವು. ನೆಲದ ಮೇಲೇ ಕೂತು ಬಿಚ್ಚಿದಳು. ಕೊನೆಯ ಕಲಂ ತೀರ ಕಿರಿದು. ಅದರಲ್ಲಿ ಒಂದೊಂದೇ ಅಕ್ಷರ, ಒಂದೊಂದು ಚುಕ್ಕೆ. ಹೆಚ್ಚಿನ ಸಾಲುಗಳಲ್ಲಿ ‘ವ.’ ಎಂದಿತ್ತು. ಕೆಲವು ಸಾಲುಗಳಲ್ಲಿ ‘ಮು.’

188ರ ಸಾಲಿನಲ್ಲಿ ‘ಮು.’

ಮಾದರಿಗೆಂದು ಆರಿಸಿ ಫೋನ್ ಮಾಡಬೇಕಾದ ಕೆಲವರ ಪಟ್ಟಿಯನ್ನು ಅವಳು ಜೊತೆಗೇ ತಂದಿದ್ದಳು. ನದಿಯಾಚೆಯ ಜೈಲಿನ ಹನ್ನೊಂದು ಜನರಲ್ಲಿ ನಾಲ್ವರು ಫೋನಿಗೆ ಸಿಕ್ಕಿರಲಿಲ್ಲ. ಅವರ ಮುಂದೆ ಅವಳೇ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದಿದ್ದಳು. ಒಳಗಿದ್ದು ಬಂದವರು ನಂಬರು ಬದಲಾಯಿಸುತ್ತಾರೆ, ಅದೇನು ಹೊಸದಲ್ಲ. ಈಗ ಆ ನಾಲ್ಕು ಕ್ರಮಸಂಖ್ಯೆಗಳನ್ನು ಪುಸ್ತಕದಲ್ಲಿ ಹುಡುಕಿದಳು. ಮು. ಮು. ಮು. ಮು.

ಸಂಕೇತ ಪಟ್ಟಿ ಬೇರೆ ಕಡತದಲ್ಲಿತ್ತು. ನೀಲಿ ಶಾಯಿ, ಅವಳದೇ ಅಕ್ಷರ: ವ. = ವರ್ಗ, ಪೊಲೀಸ್ ನಿಗಾದಲ್ಲಿ ಹೊರಹೋದವರು = 1. ಮು. = ಮುಕ್ತಾಯ, ಶಿಕ್ಷೆ ಮುಗಿದು ಹೊರಹೋದವರು = 2.

ಇದನ್ನು ಬರೆದ ದಿನ ಅವಳಿಗೆ ನೆನಪಿತ್ತು. ‘ಮು.’ ಅಂದರೇನೆಂದು ತಿಳಿಯದೆ ಜೈಲಿನ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದ್ದಳು. ಅವರು, “ಮುಕ್ತಾಯ ಕಣಮ್ಮ. ಮುಗೀತು ಅಂತ” ಎಂದಿದ್ದರು. ಥ್ಯಾಂಕ್ಸ್ ಸರ್ ಎಂದು ಇಟ್ಟುಬಿಟ್ಟಿದ್ದಳು. ಏನು ಮುಗಿಯಿತು ಎಂದು ಕೇಳಿರಲಿಲ್ಲ.

ನೆಲದ ಮೇಲೆ ಕೂತೇ ಮತ್ತೆ ಅದೇ ನಂಬರಿಗೆ ಮಾಡಿದಳು. ಅದೇ ಗುಮಾಸ್ತರು.

“ಮು. ಅಂದ್ರೆ ಮುಕ್ತಾಯನೇ. ಅವತ್ತೂ ಹೇಳಿದ್ದೆನಲ್ಲ? ಕಡತ ಮುಕ್ತಾಯ.”

“ಕಡತನಾ ಸರ್? ಶಿಕ್ಷೆ ಅಲ್ವಾ?”

“ಕೊನೇ ಕಲಮ್ಮು ಕಡತದ್ದು. ಹೊರಗೆ ಹೋದವನ ಕಡತ ಠಾಣೆಗೆ ವರ್ಗ ಆಗುತ್ತೆ, ಅದು ವ. ಅವನು ಇರೋವರೆಗೂ ಅದು ಒಂದಲ್ಲ ಒಂದು ಕಡೆ ಓಡಾಡ್ತಾನೇ ಇರುತ್ತೆ.”

“ಮತ್ತೆ ಮು. ಅಂದ್ರೆ?”

“ಮನುಷ್ಯ ಇದ್ರೆ ಕಡತ ಯಾಕೆ ಮುಚ್ತೀವಿ ಮೇಡಂ?” ಅವರು ನಕ್ಕರು. ಕೆಟ್ಟ ನಗೆಯಲ್ಲ. ಸುಲಭದ ಪ್ರಶ್ನೆ ಕೇಳಿದ ಮಗುವಿಗೆ ಮೇಷ್ಟ್ರು ನಗುವ ಹಾಗೆ.

ಪುಟಗಳನ್ನು ತಿರುವುತ್ತ ಅವಳು ‘ಮು.’ಗಳನ್ನು ಎಣಿಸಿದಳು. ಇಪ್ಪತ್ತಮೂರು. ಇನ್ನೊಮ್ಮೆ, ಕೆಳಗಿನಿಂದ ಮೇಲಕ್ಕೆ ಎಣಿಸಿದಳು. ಇಪ್ಪತ್ತಮೂರು. ದಿನಾಂಕಗಳೆಲ್ಲ ಒಂದೇ ಬೇಸಿಗೆಯವು, ಏಪ್ರಿಲ್ ಮೊದಲ ವಾರದಿಂದ ಜೂನ್ ಕೊನೆ.

ಹೊರಗಿನ ಕೋಣೆಯಲ್ಲಿ ಟೈಪಿಸ್ಟ್ ಅಕ್ಕ ವರದಿಯ ರಟ್ಟಿಗೆ ಅಂಟು ಹಚ್ಚುತ್ತಿದ್ದಳು. ಮೂವತ್ತು ವರ್ಷದಿಂದ ಅಲ್ಲೇ ಇದ್ದವಳು. ಎಲ್ಲರಿಗೂ ಹೆಸರಿಡುವವಳು. ನಿರ್ದೇಶಕರು ಯಾವ ಅಂಕಿಯನ್ನೂ ಎರಡು ದಶಮಾಂಶವಿಲ್ಲದೆ ಒಪ್ಪುತ್ತಿರಲಿಲ್ಲವೆಂದು ಅವರಿಗೆ ‘ದಶಮಾಂಶ’ ಎಂದು ಹೆಸರಿಟ್ಟದ್ದೂ ಅವಳೇ.

“ಎಲ್ಲೇ ಹೋಗಿದ್ದೆ? ದಶಮಾಂಶ ಎರಡು ಸಲ ಇಣುಕಿ ಹೋದ್ರು. ಮದುವೆ ಗಂಡಿನ ತರ ಹೊಸ ಅಂಗಿ ಹಾಕ್ಕೊಂಡು ಬಂದಿದಾರೆ ಇವತ್ತು.”

“ಅಕ್ಕ, ನದಿಯಾಚೆ ಜೈಲಿನ ಎರಡನೇ ಸಂಕೇತ ಇದೆಯಲ್ಲ. ಇಪ್ಪತ್ಮೂರು ಜನ.”

“ಓ, ಆ ಸಭ್ಯರಾ? ನಾನೇ ಅಲ್ವಾ ಎಂಟ್ರಿ ಮಾಡಿದ್ದು. ಇಪ್ಪತ್ಮೂರರಲ್ಲಿ ಒಬ್ಬನೂ ವಾಪಸ್ ಹೋಗಿಲ್ಲ ನೋಡು. ಮೂರು ವರ್ಷದಿಂದ ಒಂದು ಕಳ್ಳತನ ಇಲ್ಲ, ಒಂದು ಜಗಳ ಇಲ್ಲ. ಅಂಥವರು ನಮ್ಮ ಆಫೀಸಲ್ಲೇ ಸಿಗಲ್ಲ.”

“ಅವರು ಸತ್ತುಹೋಗಿದಾರೆ ಅಕ್ಕ. ಹೊರಗೇ ಬಂದಿಲ್ಲ.”

ಟೈಪಿಸ್ಟ್ ಅಕ್ಕ ಅಂಟಿನ ಬ್ರಷ್ಷನ್ನು ಬಾಟಲಿಯ ಬಾಯಿಗೆ ಒರೆಸಿದಳು. ಮತ್ತೆ ಒರೆಸಿದಳು.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ.”

“ಹಂಗಾದ್ರೆ ನನಗೂ ಹೇಳಿಲ್ಲ ಅಂದ್ಕೋ. ಹುಣ್ಣು ಕೆರೆದು ದೊಡ್ಡದು ಮಾಡ್ಕೋಬೇಡ. ಮುಂದಿನ ವರ್ಷ ತಿದ್ದುಪಡಿ ಅಂತ ಒಂದು ಸಾಲು ಸೇರಿಸಿದ್ರಾಯ್ತು. ಎಷ್ಟು ತಿದ್ದುಪಡಿ ಹಾಕಿಲ್ಲ ನಾವು.” ಆಮೇಲೆ ದನಿ ತಗ್ಗಿಸಿ, “ನಿಮ್ಮಮ್ಮನ ಮುಖ ನೋಡೇ” ಎಂದಳು.

ತಮ್ಮನ ವಿಷಯ ಅವಳಿಗೆ ಗೊತ್ತಿದೆಯೆಂದು ಸಂಶೋಧಕಿಗೆ ಅವತ್ತೇ ತಿಳಿದದ್ದು.

ಮೇಜಿಗೆ ಹೋಗಿ ಭಾಗಾಕಾರ ಮಾಡಿದಳು. ಮುನ್ನೂರ ಹನ್ನೆರಡರಲ್ಲಿ ಇಪ್ಪತ್ತಮೂರು ಕಳೆದರೆ ಇನ್ನೂರ ಎಂಬತ್ತೊಂಬತ್ತು. ಅದರಲ್ಲಿ ಅರವತ್ತೊಂದು. ಯಂತ್ರ ತೋರಿಸಿದ್ದನ್ನು ನಂಬದೆ ಕಾಗದದ ಮೇಲೆ ಕೈಯಲ್ಲೂ ಮಾಡಿದಳು. ಇಪ್ಪತ್ತೊಂದು ಪಾಯಿಂಟ್ ಒಂದು ಒಂದು.

ಒಂದೂಕಾಲಿಗೆ ನಿರ್ದೇಶಕರ ಕೋಣೆಯ ಬಾಗಿಲು ತಟ್ಟಿದಳು. ಅವರು ಊಟದ ಡಬ್ಬಿ ಮುಚ್ಚುತ್ತಿದ್ದರು. ಬಿಳಿ ಅಂಗಿಯ ಮಡಿಕೆಗಳು ಇನ್ನೂ ಎದೆಯ ಮೇಲೆ ಗೆರೆಯಾಗಿ ಕಾಣುತ್ತಿದ್ದವು. ಈ ಯೋಜನೆಯ ಕರಡು ಬರೆದವರಲ್ಲಿ ಅವರೂ ಒಬ್ಬರು. ಹನ್ನೊಂದು ವರ್ಷ ಅದರ ಹಿಂದೆ ಓಡಾಡಿದ್ದರು.

ಅವಳು ಹೇಳಿದಳು. ಫೋನಿನ ಹೆಂಗಸು, ಪುಸ್ತಕ, ಗುಮಾಸ್ತರು, ತನ್ನ ನೀಲಿ ಶಾಯಿ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು, ಬಾಯಲ್ಲೇ ಏನೋ ಗುಣಿಸಿ, “ಇಪ್ಪತ್ತೊಂದು ಪಾಯಿಂಟ್ ಹನ್ನೊಂದು” ಎಂದರು.

“ಹೌದು ಸರ್.”

“ಕೂತ್ಕೊಳ್ಳಿ.”

ಅವಳು ಕೂರಲಿಲ್ಲ.

“ಒಂದು ಮಾತು ಕೇಳ್ತೀನಿ. ಈ ಇಪ್ಪತ್ಮೂರು ಜನ ಮೂರು ವರ್ಷದಲ್ಲಿ ಅಪರಾಧ ಮಾಡಿಲ್ಲ ಅಂತ ನಾವು ಹೇಳಿದ್ರೆ ಅದು ಸುಳ್ಳಾ?”

“ಸುಳ್ಳಲ್ಲ ಸರ್. ಆದ್ರೆ ಅವರು ಹೊರಗೂ ಬಂದಿಲ್ಲ.”

“ಯಾಕೆ ಸತ್ರು ಅವರು? ಒಳಗಿದ್ರು, ಅದಕ್ಕೆ. ಆದೇಶಕ್ಕೆ ಸಹಿ ಬೀಳೋಕೆ ತಡ ಆಯ್ತು, ಅದಕ್ಕೆ. ಈಗ ಅದೇ ಬ್ಯಾರಕ್‌ನಲ್ಲಿ ಎಂಬತ್ನಾಲ್ಕು ಜನ ಇದಾರೆ. ಮಾರ್ಚ್ ಮುಗೀತಾ ಬಂತು. ಈ ಹಾಳೆ ಹೀಗೇ ಹೋದ್ರೆ ಹತ್ತು ದಿನಕ್ಕೆ ಎಲ್ಲರೂ ಮನೇಲಿರ್ತಾರೆ. ನೀವು ತಿದ್ದಿದ್ರೆ ಅಲ್ಲೇ ಇರ್ತಾರೆ. ಸತ್ತವರ ಲೆಕ್ಕ ಸರಿ ಮಾಡೋಕೆ ಬದುಕಿರೋರನ್ನ ಒಳಗೆ ಕೂಡಿಹಾಕ್ತಿದೀರಿ ನೀವು.”

ಅವಳು ಗಡಿಯಾರ ನೋಡಿದಳು. ಅವಳಿಗಿದ್ದದ್ದು ಎರಡು ಗಂಟೆ.

“ಅಲ್ಲಿ ಇಪ್ಪತ್ಮೂರು ಜನ ಸತ್ತಿದ್ದು ಗೊತ್ತಾದ್ರೆ ತಾನೇ ಸರ್, ಯಾರಾದ್ರೂ ಆ ಬ್ಯಾರಕ್ ಕಡೆ ನೋಡೋದು.”

“ನೋಡ್ತಾರೆ ಅಂತ ನಿಮಗೆ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ.

ಅವರು ಮೇಜಿನ ಖಾನೆ ಎಳೆದು ಮಡಿಸಿದ ಕಾಗದವೊಂದನ್ನು ತೆಗೆದರು. ಅವಳ ತಮ್ಮ ಎರಡನೇ ತಂಡಕ್ಕೆ ಆಯ್ಕೆಯಾದ ವಾರ ಅವಳು ಬರೆದುಕೊಟ್ಟದ್ದು: ನನ್ನ ಸಂಬಂಧಿಕನೊಬ್ಬ ಇದರಲ್ಲಿರುವುದರಿಂದ ಈ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಅವತ್ತು ಅವರು, ವರದಿ ಮೊದಲನೇ ತಂಡದ್ದು, ನಿಮ್ಮ ತಮ್ಮ ಎರಡನೇ ತಂಡ, ಎತ್ತಣಿಂದೆತ್ತ, ಎಂದು ಅದನ್ನು ಖಾನೆಗೆ ಹಾಕಿದ್ದರು.

“ಇದನ್ನ ನಾನು ಯಾರಿಗೂ ತೋರಿಸಿಲ್ಲ.”

“ಗೊತ್ತು ಸರ್.”

“ನಿನ್ನ ತಮ್ಮ ಅಲ್ಲಿದಾನೆ.” ಐದು ವರ್ಷದಲ್ಲಿ ಅವರು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಇದಾನೆ ಸರ್.”

ಅವರು ಕಿಟಕಿಯ ಕಡೆ ತಿರುಗಿ ಕುಳಿತರು. ಕೆಳಗೆ ಯಾರೋ ಕಾರನ್ನು ಹಿಂದೆ ತೆಗೆಯುತ್ತಿದ್ದರು. ಬಾ, ಬಾ, ಬಾ, ಸಾಕು ಎಂಬ ಕೂಗು ಕೇಳುತ್ತಿತ್ತು.

“ಪುಟ ಹದಿನಾಲ್ಕು. ಕೆಳಗೆ ‘ಪರಿಶೀಲಿಸಿದವರು’ ಅಂತ ಇದೆ. ಅದು ನಿಮ್ಮ ಸಹಿ, ನನ್ನದಲ್ಲ. ಹಳೇ ಪುಟ ಇದ್ದೇ ಇದೆ. ಹೊಸದು ಬೇಕು ಅಂದ್ರೆ ಮಾಡಿ. ಮೂರೂವರೆಗೆ ನಾನು ಹೊರಡ್ತೀನಿ. ಯಾವುದರ ಮೇಲೆ ಸಹಿ ಇರುತ್ತೋ ಅದನ್ನ ತಗೊಂಡು ಹೋಗ್ತೀನಿ. ಕೇಳಲ್ಲ.”

ಬಾಗಿಲ ಹತ್ತಿರ ಹೋದಾಗ ಅವರು ಇನ್ನೊಂದು ಮಾತು ಹೇಳಿದರು. “ಕೋಷ್ಟಕ ನಾಲ್ಕು ಮತ್ತು ಒಂಬತ್ತೂ ಬದಲಾಗುತ್ತೆ. ಮರೀಬೇಡಿ.”

ಅವಳು ಮಾಡಿದಳು. ಕೋಷ್ಟಕ ನಾಲ್ಕು, ಒಂಬತ್ತು, ಪುಟ ಹದಿನಾಲ್ಕು. ಸತ್ತವರಿಗೆ ಸಂಕೇತವೇ ಇರಲಿಲ್ಲ. ಹೊರಬಂದವರನ್ನು ಮಾತ್ರ ಎಣಿಸುವ ಪಟ್ಟಿಯಾದ್ದರಿಂದ ಅಂಥದೊಂದು ಬೇಕಾಗಬಹುದೆಂದು ಯಾರೂ ಯೋಚಿಸಿರಲಿಲ್ಲ. ಆರರವರೆಗೆ ಇದ್ದವು. ಏಳು ಎಂದು ಹಾಕಿದಳು. ಏಳರ ಮುಂದೆ ಏನು ಬರೆಯಬೇಕೆಂದು ಹೊಳೆಯದೆ ಹತ್ತು ನಿಮಿಷ ಹೋಯಿತು. ‘ಮೃತರು’ ಎಂದು ಬರೆದು ಅಳಿಸಿದಳು. ‘ಆಯ್ಕೆಯಾಗಿ ಬಿಡುಗಡೆಯ ಆದೇಶಕ್ಕೆ ಕಾಯುತ್ತಿದ್ದಾಗ ಜೈಲಿನಲ್ಲಿ ಮೃತಪಟ್ಟವರು’ ಎಂದು ಬರೆದಳು. ಕೋಷ್ಟಕದ ಮನೆಯೊಳಗೆ ಅದು ಹಿಡಿಸಲಿಲ್ಲ. ಅಕ್ಷರ ಸಣ್ಣದು ಮಾಡಿದಳು. ಪಕ್ಕದಲ್ಲಿ ಅವರು ಕಾದ ದಿನಗಳ ಸರಾಸರಿಯನ್ನೂ ಹಾಕಿದಳು. ಅರವತ್ತೆಂಟು ಪಾಯಿಂಟ್ ಮೂರು ಐದು.

ಮೂರು ಗಂಟೆ ಐದು ನಿಮಿಷಕ್ಕೆ ಎರಡು ಪುಟ ಹದಿನಾಲ್ಕು ಅವಳ ಮೇಜಿನ ಮೇಲಿದ್ದವು. ಹಳೆಯದು ತಣ್ಣಗಿತ್ತು. ಹೊಸದು ಯಂತ್ರದಿಂದ ಬಂದ ಬಿಸಿ ಆರಿರಲಿಲ್ಲ. ಟೈಪಿಸ್ಟ್ ಅಕ್ಕ ತನ್ನ ಕುರ್ಚಿಯಲ್ಲಿ ಬೆನ್ನು ಹಾಕಿಕೊಂಡು ಕುಳಿತಿದ್ದಳು, ಏನೂ ಟೈಪ್ ಮಾಡದೆ.

ಮೊಬೈಲು ನಡುಗಿತು. ಅಮ್ಮ.

“ಪುಟ್ಟಿ, ಕೆಲಸದಲ್ಲಿದೀಯಾ? ಒಂದೇ ನಿಮಿಷ. ಚಪ್ಪಲಿ ಅಂಗಡೀಲಿದೀನಿ. ಅವನದ್ದು ಎಂಟೋ ಒಂಬತ್ತೋ?”

“ಎಂಟು.”

“ಹೋಗುವಾಗ ಎಂಟಿತ್ತು. ಈಗ ಕಾಲು ಅಗಲ ಆಗಿರುತ್ತಾ ಅಂತ. ನಾಲ್ಕು ವರ್ಷ ಬರಿಗಾಲಲ್ಲಿ ಓಡಾಡಿದಾನೋ ಏನೋ. ಅಂಗಡಿಯವನು ಒಂಬತ್ತೇ ತಗೊಳ್ಳಿ, ಸಡಿಲ ಇದ್ರೆ ಒಳಗೆ ಅಟ್ಟೆ ಹಾಕಿಕೊಡ್ತೀನಿ ಅಂತಾನೆ. ಬಿಗಿ ಆದ್ರೆ ಏನೂ ಮಾಡೋಕಾಗಲ್ವಂತೆ. ಏನಂತೀಯಾ?”

“ಒಂಬತ್ತೇ ತಗೋ.”

“ಕಂದು ಬಣ್ಣನಾ ಕಪ್ಪಾ?”

“ಅಮ್ಮ.”

“ಏನೇ?”

“ಬಿಲ್ಲು ಇಟ್ಕೊಂಡಿರು.”

ಅಂಗಡಿಯ ಗದ್ದಲ ಕೇಳಿಸುತ್ತಿತ್ತು. ಯಾರೋ ಮಗುವಿಗೆ, ನಡೆದು ನೋಡು, ನಡೆದು ನೋಡು ಎನ್ನುತ್ತಿದ್ದರು.

“ಯಾಕೆ?” ಎಂದಳು ಅಮ್ಮ.

“ಅಳತೆ ಸರಿಹೋಗದಿದ್ರೆ ಬದಲಾಯಿಸ್ಬಹುದು ಅಂತ.”

“ಹತ್ತು ದಿನಕ್ಕೆ ಬರ್ತಾನಲ್ಲ, ಬಂದ ದಿನಾನೇ ಬದಲಾಯಿಸಿದ್ರಾಯ್ತು.” ಅಮ್ಮ ಕಾದಳು. “ಬರ್ತಾನೆ ತಾನೇ?”

“ಮನೇಲಿ ಮಾತಾಡೋಣ ಅಮ್ಮ.”

ಫೋನ್ ಇಟ್ಟು ಅವಳು ಹೊಸ ಪುಟಕ್ಕೆ ಸಹಿ ಹಾಕಿದಳು. ಎದ್ದು ಹೋಗಿ ಟೈಪಿಸ್ಟ್ ಅಕ್ಕನ ಮೇಜಿನ ಮೇಲೆ ಇಟ್ಟಳು. ಅಕ್ಕ ಅದನ್ನು ಓದಲಿಲ್ಲ. ವರದಿಯ ಹದಿನೈದು ಪ್ರತಿಗಳನ್ನು ಒಂದೊಂದಾಗಿ ಬಿಚ್ಚಿ, ಹಳೆಯ ಹಾಳೆಗಳನ್ನು ತೆಗೆದು ಹೊಸವನ್ನು ಸೇರಿಸಿ, ಮತ್ತೆ ಅಂಟು ಹಚ್ಚಿದಳು. “ಒಣಗೋಕೆ ಟೈಮಿಲ್ಲ. ಕಾರಲ್ಲಿ ಮೇಲೇನಾದ್ರೂ ಭಾರ ಇಟ್ಕೊಳ್ಳೋಕೆ ಹೇಳು” ಎಂದಷ್ಟೇ ಅಂದಳು.

ನಿರ್ದೇಶಕರು ಮೂರೂವರೆಗೆ ಹೊರಟರು. ಹದಿನಾಲ್ಕನೇ ಪುಟ ತೆಗೆದು ನೋಡಿದರು. ಕಿಸೆಯಿಂದ ಪೆನ್ನು ತೆಗೆದರು. ಅವರು ಸಂಕೇತ ಏಳರ ಮುಂದಿದ್ದ ಒಂದು ಅಕ್ಷರದ ಒತ್ತನ್ನು ತಿದ್ದಿ, ಪೆನ್ನು ಕಿಸೆಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ನಿಂತೇ ಕೇಳಿದಳು. ಕೂಗಾಡಲಿಲ್ಲ.

“ನಿನ್ನ ಹತ್ರ ಎರಡು ಹಾಳೆ ಇತ್ತು.”

“ಇತ್ತು.”

“ಎರಡೂ ಹಾಳೆ ನಿನ್ನ ಕೈಯಲ್ಲೇ ಇತ್ತು.”

“ಅಮ್ಮ, ಆ ಹೆಂಗಸು...”

“ಆ ಹೆಂಗಸಿಗೆ ನೀನು ಯಾರು? ಅವನಿಗೆ ನೀನು ಅಕ್ಕ ಕಣೇ.” ಆಮೇಲೆ ಅಮ್ಮ ಆ ವಾರವಿಡೀ ಅವಳೊಡನೆ ಬೇಕಾದಷ್ಟೇ ಮಾತಾಡಿದಳು. ಅನ್ನ ಆಯ್ತು. ನೀರು ಬಂತು. ಬಾಗಿಲು ಹಾಕಿಕೋ.

ಸಮಿತಿಯ ತೀರ್ಮಾನ ನಾಲ್ಕನೆಯ ದಿನ ಬಂತು. ಅರ್ಧ ಪುಟ. ಷರತ್ತು ಈಡೇರದ ಕಾರಣ ಯೋಜನೆಯನ್ನು ತಡೆಹಿಡಿಯಲಾಗಿದೆ. ಎರಡನೇ ತಂಡದವರ ಬಗ್ಗೆ ಮುಂದಿನ ಆದೇಶದವರೆಗೆ ಯಥಾಸ್ಥಿತಿ. ಸಂಕೇತ ಏಳರ ಬಗ್ಗೆ ಕೊನೆಗೆ ಒಂದು ಸಾಲಿತ್ತು: ಸಮಿತಿಯು ಇದನ್ನು ಗಮನಿಸಿದೆ. ಅವಳು ಆ ಸಾಲನ್ನು ಹಲವು ಸಲ ಓದಿದಳು. ಅದರೊಳಗೆ ಇನ್ನೇನೂ ಇರಲಿಲ್ಲ.

ಶನಿವಾರ ಭೇಟಿಯ ದಿನ. ಅಮ್ಮ ಸೀರೆ ಉಟ್ಟು ತಯಾರಾಗಿ, ಬಾಗಿಲವರೆಗೆ ಬಂದು ನಿಂತುಬಿಟ್ಟಳು.

“ನೀನೇ ಹೋಗು. ನೀನೇ ಹೇಳು.”

ನಾಲ್ಕು ವರ್ಷದಲ್ಲಿ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ಸೇತುವೆ ದಾಟಿ ಎರಡನೇ ನಿಲ್ದಾಣ. ಭೇಟಿಯ ಕೋಣೆಯಲ್ಲಿ ಉದ್ದಕ್ಕೂ ಕಟ್ಟೆ, ಕಟ್ಟೆಯ ಮೇಲೆ ಎದೆಯೆತ್ತರದ ತಂತಿ ಜಾಲರಿ, ಆ ಕಡೆ ಅವರು ಕೂರುವ ಬೆಂಚು. ತಮ್ಮ ಬಂದು ಕುಳಿತ. ತಲೆ ಸಣ್ಣಗೆ ಕತ್ತರಿಸಿದ್ದರು. ಕಣ್ಣು ಅವಳ ಹಿಂದೆ ಹುಡುಕಿತು.

“ಅಮ್ಮ ಎಲ್ಲಿ?”

“ಬರಲಿಲ್ಲ.”

“ಹುಷಾರಿಲ್ವಾ?”

“ಹುಷಾರಾಗಿದಾಳೆ. ನನ್ನ ಮೇಲೆ ಕೋಪ.” ಒಂದೇ ಉಸಿರಿಗೆ ಹೇಳಿಬಿಡಬೇಕೆಂದುಕೊಂಡಿದ್ದಳು. “ನಿಮ್ಮ ತಂಡ ನಿಂತಿದ್ದು ನಮ್ಮ ಆಫೀಸಿನ ವರದಿಯಿಂದ. ಸಹಿ ನನ್ನದು.”

ಅವನು ಅವಳನ್ನೇ ನೋಡಿದ.

“ತಮಾಷೆ ಮಾಡ್ತಿದೀಯಾ?”

“ಇಲ್ಲ.”

“ನಿಂತಿದೆ ಅಂತ ಗುರುವಾರ ಹೇಳಿದ್ರು. ಯಾರೋ ಲೆಕ್ಕದವರು ತಪ್ಪು ಹುಡುಕಿದಾರಂತೆ ಅಂದ್ರು. ಎಂಬತ್ನಾಲ್ಕು ಜನ ಸೇರಿ ಆ ಲೆಕ್ಕದವನ ವಂಶಕ್ಕೆಲ್ಲ ಬೈದಿದೀವಿ. ನಾನೂ ಬೈದೆ.” ಅವನ ತುಟಿ ನಗಲು ಹೋಗಿ ಬೇರೇನೋ ಆಯಿತು. “ನಮ್ಮಜ್ಜಂಗೇ ಬೈದಂಗಾಯ್ತಲ್ಲ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಅಕ್ಕ. ನಾನು ಗೋಡೆ ಮೇಲೆ ಗೀರು ಹಾಕ್ಕೊಂಡು ಕೂತಿದೀನಿ. ಒಂದು ಮಾತು.”

“ಟೈಮಿರಲಿಲ್ಲ ಕಣೋ.”

“ನನಗಿದೆ. ಮೂರು ವರ್ಷ ಇದೆ.” ಅವನು ಕಟ್ಟೆಯ ಅಂಚಿನ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದ. ಆಮೇಲೆ, “ಏನಂಥಾ ತಪ್ಪು ಸಿಕ್ಕಿತು?” ಎಂದ.

“ಮೊದಲನೇ ತಂಡದವರು ಇಪ್ಪತ್ಮೂರು ಜನ ಹೊರಗೆ ಬಂದಿದಾರೆ ಅಂತ ಬರ್ದಿದ್ದೆ. ಅವರು ಬಂದಿರಲಿಲ್ಲ. ಇಲ್ಲೇ...”

ಅವನ ಬೆರಳು ನಿಂತಿತು.

“ಆ ಬೇಸಿಗೇದಾ?”

“ನಿನಗೆ ಗೊತ್ತಾ?”

ಅವನು ಬೆನ್ನ ಹಿಂದಿದ್ದ ಕಾವಲಿನವನ ಕಡೆ ಒಮ್ಮೆ ತಿರುಗಿ, ಮುಂದಕ್ಕೆ ಬಾಗಿದ. “ನಾನು ಆಗ ಹೊಸಬ. ಹೊಸಬರಿಗೆ ಅದೇ ಕೆಲಸ, ಆ ಬ್ಯಾರಕ್ಕಿಗೆ ನೀರು ಹೊರೋದು. ಬೆಳಿಗ್ಗೆ ಆರು ಡ್ರಮ್ಮು, ಸಂಜೆ ಆರು. ಎಷ್ಟು ಹೊತ್ತರೂ ಸಾಲ್ತಿರಲಿಲ್ಲ. ಒಂದು ದಿನ ಸಂಜೆ ಐದೇ ಸಾಕು ಅಂದ್ರು. ಆಮೇಲೆ ನಾಲ್ಕು ಸಾಕು ಅಂದ್ರು.”

“ಒಂದು ದಿನಾನೂ ಹೇಳಲಿಲ್ವಲ್ಲೋ.”

“ಅಮ್ಮ ಇರ್ತಿದ್ಲಲ್ಲ. ಪ್ರತಿ ಸಲ ಅಮ್ಮ ಇರ್ತಿದ್ಲು. ಇಂಥದ್ದನ್ನ ಅವಳ ಮುಂದೆ ಹೇಗೆ ಹೇಳ್ಲಿ.” ಅವನು ಜಾಲರಿಯ ಮೇಲೆ ಹಣೆಯಿಟ್ಟ. ತಂತಿಯ ಚೌಕಗಳು ಹಣೆಗೆ ಒತ್ತಿಕೊಂಡವು. “ಒಬ್ಬರು ಗಡಿಯಾರ ರಿಪೇರಿಯವರಿದ್ರು. ಮುದುಕರು. ನಾನು ರಾತ್ರಿ ಅಳ್ತೀನಿ ಅಂತ ಯಾರೋ ಹೇಳಿದ್ರಂತೆ ಅವರಿಗೆ. ನೀರು ಇಡೋಕೆ ಹೋದಾಗೆಲ್ಲ ಕರೆದು, ಏಳು ವರ್ಷ ಅಂದ್ರೆ ಎಷ್ಟು ಸೆಕೆಂಡು ಹೇಳು ನೋಡೋಣ ಅನ್ನೋರು. ತಪ್ಪು ಹೇಳಿದ್ರೆ ನಾಳೆ ಲೆಕ್ಕ ಮಾಡ್ಕೊಂಡು ಬಾ ಅನ್ನೋರು. ಅವರ ಹೆಸರು ಬಂದಿದೆಯಾ ಅದರಲ್ಲಿ?”

“ಹೆಸರು ಬರಲ್ಲ ಕಣೋ. ಬರೀ ಸಂಖ್ಯೆ.”

“ಸಂಖ್ಯೇಲಿ ಇದಾರಾ?”

“ಇದಾರೆ.”

ಅವನು ತಲೆಯಾಡಿಸಿದ. ಒಪ್ಪಿದ ಹಾಗೂ ಇರಲಿಲ್ಲ, ಒಪ್ಪದ ಹಾಗೂ ಇರಲಿಲ್ಲ. ಅವಳು ಜಾಲರಿಯ ಸಂದಿಗೆ ಎರಡು ಬೆರಳು ತೂರಿಸಿದಳು. ಅವನು ಅವುಗಳನ್ನು ನೋಡಿದ, ಮುಟ್ಟಲಿಲ್ಲ. ಅವಳೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಈಗ ನೀರು ಹೇಗಿದೆ?” ಎಂದು ಕೇಳಿದಳು.

“ಬಿಸಿಲು ಶುರುವಾಗಿದೆ. ನೋಡ್ಬೇಕು.”

ಕಾವಲಿನವನು ಲಾಠಿಯಿಂದ ಬೆಂಚಿನ ತುದಿಯನ್ನು ಎರಡು ಸಲ ತಟ್ಟಿದ. ತಮ್ಮ ಎದ್ದ. “ಅಮ್ಮಂಗೆ ಇದನ್ನೆಲ್ಲ ಹೇಳ್ಬೇಡ. ಮುಂದಿನ ವಾರ ಕರ್ಕೊಂಡು ಬಾ” ಎಂದು ಬಾಗಿಲ ಕಡೆ ತಿರುಗಿದ.

ಅವನು ಹೋಗುವ ಬಾಗಿಲು ಅಂಗಳಕ್ಕೆ ತೆರೆಯುತ್ತಿತ್ತು. ಅಲ್ಲಿ ಇಬ್ಬರು ಒಂದು ಡ್ರಮ್ಮನ್ನು ಎರಡು ಕಡೆಯಿಂದ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ಕೆಳಗಿಟ್ಟು ಕೈ ಬದಲಿಸುತ್ತ ಬರುತ್ತಿದ್ದರು. ಅವನು ಅಂಗಿಯ ತೋಳು ಮಡಿಸಿಕೊಂಡು ಹೋಗಿ ಬಗ್ಗಿ, ಅದರ ತಳಕ್ಕೆ ಕೈ ಕೊಟ್ಟ. ಮೂವರ ಹೆಜ್ಜೆ ಮೊದಲು ಹೊಂದಲಿಲ್ಲ. ನೀರು ತುಳುಕಿ ನೆಲದ ಮೇಲೆ ಬಿತ್ತು. ಆಮೇಲೆ ಹೊಂದಿತು.